ಸಣ್ಣ ನಳಿಕೆಗೆ ಭಾರದ ಗುಂಡು

ಉರುಟಾದ ಸೀಸದ ಗುಂಡು ಭಾರವಾಗಬೇಕಾದರೆ ದಪ್ಪವಾಗಲೇಬೇಕು. 0.451 ಅಂಗುಲ, ಅಂದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್ ಅಡ್ಡಳತೆಯ ಸೀಸದ ಗೋಲಿ 138 ಗ್ರೇನ್‌ನಷ್ಟು ತೂಗುತ್ತದೆ. ಗುಂಡಿನ ತೂಕವನ್ನು ಇಂದಿಗೂ ಗ್ರೇನ್‌ಗಳಲ್ಲೇ ಹೇಳುವುದು ರೂಢಿ. ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. ಅದೇ ಅಡ್ಡಳತೆಯ ನಳಿಕೆಗೆ 1850ರ ದಶಕದಲ್ಲಿ ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ 530 ಗ್ರೇನ್ ತೂಕದ ಗುಂಡು ಮಾಡಿದ. ಗೋಲಿಯ ಹೆಚ್ಚುಕಡಿಮೆ ನಾಲ್ಕರಷ್ಟು ಭಾರ. ನಳಿಕೆ ಕೂದಲೆಳೆಯಷ್ಟೂ ಅಗಲವಾಗಿರಲಿಲ್ಲ. ಗುಂಡು ಮಾತ್ರ ತನ್ನ ಅಡ್ಡಳತೆಯ ಮೂರು ಪಟ್ಟು ಉದ್ದಕ್ಕೆ ಬೆಳೆದಿತ್ತು. ಮಧ್ಯಮ ಅಳತೆಯ ನಳಿಕೆಗೆ ಅಸಾಧಾರಣ ಭಾರದ ಉದ್ದ ಗುಂಡನ್ನು ಕೂರಿಸುವ ಪ್ರಯತ್ನ ಅಲ್ಲಿಂದ ಇಲ್ಲಿಯವರೆಗೆ ನಿಂತಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಹಾರುವ ಗುಂಡಿಗೆ ಗಾಳಿ ಒಡ್ಡುವ ತಡೆ ಅದರ ಮುಖದ ಅಗಲಕ್ಕೆ ಸಂಬಂಧಿಸಿದ್ದು. ಆ ತಡೆಯನ್ನು ಸೀಳಿಕೊಂಡು ಹೋಗುವ ಶಕ್ತಿ ಬರುವುದು ತೂಕದಿಂದ. ಮುಖವನ್ನು ಹಿಗ್ಗಿಸದೆ ತೂಕ ಹೆಚ್ಚಿಸಿದರೆ ಗುಂಡು ತನ್ನ ವೇಗವನ್ನು ಬಹು ದೂರದವರೆಗೆ ಉಳಿಸಿಕೊಳ್ಳುತ್ತದೆ, ಅಡ್ಡಗಾಳಿಗೂ ಅಷ್ಟಾಗಿ ಸರಿಯುವುದಿಲ್ಲ. ತೊಡಕು ಇರುವುದು ಇನ್ನೊಂದು ಕಡೆ. ಉದ್ದ ಗುಂಡಿನಲ್ಲಿ ಗಾಳಿಯ ಒತ್ತಡ ಬೀಳುವ ಬಿಂದು ಗುರುತ್ವ ಕೇಂದ್ರಕ್ಕಿಂತ ಮುಂದಿರುತ್ತದೆ. ಆದ್ದರಿಂದ ಗಾಳಿ ಅದನ್ನು ಸದಾ ಮಗುಚಿ ಅಡ್ಡ ಬೀಳಿಸಲು ನೋಡುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ ಗುಂಡನ್ನು ನೆಟ್ಟಗಿಡುವುದು ಅದರ ತಿರುಗುವಿಕೆಯೊಂದೇ. ಆ ತಿರುಗುವಿಕೆಯನ್ನು ಕೊಡುವುದು ನಳಿಕೆಯ ಒಳಗೋಡೆಯಲ್ಲಿ ಕೊರೆದ ಸುರುಳಿ ಗೀರುಗಳು. ಗುಂಡು ಎಷ್ಟು ಉದ್ದವೋ ಸುರುಳಿ ಅಷ್ಟು ಬಿಗಿಯಾಗಿರಬೇಕು. ಹೀಗಾಗಿ ಉದ್ದ ಗುಂಡಿನ ಚರಿತ್ರೆಯನ್ನು ಗುಂಡಿನಲ್ಲಷ್ಟೇ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ನಳಿಕೆಯ ಒಳಗಿದೆ.

ವಿಟ್‌ವರ್ತ್ ಈ ಕೆಲಸಕ್ಕೆ ಕೈಹಾಕಿದಾಗ ಬ್ರಿಟಿಷ್ ಸೈನ್ಯದ ಕೈಯಲ್ಲಿದ್ದದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. ಕೊಬ್ಬು ಸವರಿದ ತೋಟಾಗಳ ಕಾರಣಕ್ಕೆ 1857ರ ದಂಗೆಯ ಕಥೆಯಲ್ಲಿ ಬರುವ ಬಂದೂಕು ಇದೇ. ಫ್ರೆಂಚ್ ಸೇನಾಧಿಕಾರಿ ಮಿನಿಯೆ 1849ರಲ್ಲಿ ರೂಪಿಸಿದ ಟೊಳ್ಳು ಬುಡದ ಗುಂಡನ್ನು ಆಧರಿಸಿದ ಎನ್‌ಫೀಲ್ಡ್ ಗುಂಡು ಕೂಡ ಸುಮಾರು 530 ಗ್ರೇನ್ ತೂಗುತ್ತಿತ್ತು. ಆದರೆ ಅದರ ನಳಿಕೆಯ ಬಾಯಿ 0.577 ಅಂಗುಲ. ಗುಂಡು ಮೊಂಡು, ಗಿಡ್ಡ. ಸುರುಳಿ 78 ಅಂಗುಲಕ್ಕೆ ಒಂದು ಸುತ್ತು ಮಾತ್ರ. ನಳಿಕೆಯ ಉದ್ದವೇ 39 ಅಂಗುಲ. ಅಂದರೆ ಗುಂಡು ಹೊರಬೀಳುವ ಹೊತ್ತಿಗೆ ಅರ್ಧ ಸುತ್ತಷ್ಟೇ ತಿರುಗಿರುತ್ತಿತ್ತು. ಗಿಡ್ಡ ಗುಂಡಿಗೆ ಅಷ್ಟು ಸಾಕಾಗಿತ್ತು.

ಸೇನೆಯ ಮಹಾದಂಡನಾಯಕ ಲಾರ್ಡ್ ಹಾರ್ಡಿಂಜ್, ಹಿಂದೆ 1844ರಿಂದ 1848ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದವನು. ರೈಫಲ್ ನಳಿಕೆಗೆ ಸರಿಯಾದ ರೂಪ ಯಾವುದೆಂದು ಕಂಡುಹಿಡಿಯುವ ಕೆಲಸವನ್ನು 1854ರಲ್ಲಿ ವಿಟ್‌ವರ್ತ್‌ಗೆ ವಹಿಸಿದವನು ಇವನೇ. ವಿಟ್‌ವರ್ತ್ ಬಂದೂಕು ಕಮ್ಮಾರನಲ್ಲ. ಸ್ಕ್ರೂ ಮರೆಗಳಿಗೆ ಏಕರೂಪದ ಅಳತೆ ತಂದವನು, ಅಂಗುಲದ ಹತ್ತು ಲಕ್ಷದ ಒಂದು ಪಾಲನ್ನು ಅಳೆಯುವ ಯಂತ್ರ ಕಟ್ಟಿದವನು. ಆ ಕಾಲದ ಬಂದೂಕು ತಯಾರಕರು ಗುರುಗಳಿಂದ ಬಂದ ಪದ್ಧತಿಯನ್ನು ಹಿಡಿದು ನಡೆಯುತ್ತಿದ್ದರು. ಈತನಿಗೆ ಅಂಥ ಯಾವ ಪದ್ಧತಿಯ ಹಂಗೂ ಇರಲಿಲ್ಲ, ಅದೇ ಅನುಕೂಲವಾಯಿತು. ಮ್ಯಾಂಚೆಸ್ಟರಿನ ರಷೋಮ್‌ನಲ್ಲಿದ್ದ ತನ್ನ ಮನೆಯ ಆವರಣದಲ್ಲೇ 500 ಗಜ ಉದ್ದದ ಮುಚ್ಚಿದ ಗುರಿಶಾಲೆ ಕಟ್ಟಿಸಿದ. ಕಟ್ಟಿದ ಸ್ವಲ್ಪ ದಿನಕ್ಕೇ ಬಿರುಗಾಳಿಗೆ ಅದು ಬಿತ್ತು, ಮತ್ತೆ ಕಟ್ಟಿಸಬೇಕಾಯಿತು. ಒಳಗೆ ಗಾಳಿಯ ಕಾಟವಿಲ್ಲ. ಉದ್ದಕ್ಕೂ ಕಟ್ಟಿದ ತೆಳು ಕಾಗದದ ಪರದೆಗಳನ್ನು ತೂರಿಕೊಂಡು ಗುಂಡು ಹೋಗುತ್ತಿತ್ತು. ಯಾವ ಪರದೆಯಲ್ಲಿ ದುಂಡನೆಯ ತೂತು, ಯಾವುದರಲ್ಲಿ ಅಡ್ಡ ಬಿದ್ದ ಗುಂಡಿನ ಉದ್ದನೆಯ ತೂತು ಎಂದು ನೋಡಿದರೆ ಗುಂಡು ಎಲ್ಲಿ ತೊನೆಯತೊಡಗಿತೆಂಬುದು ತಿಳಿಯುತ್ತಿತ್ತು.

ಸುರುಳಿಯನ್ನು ಆತ 60 ಅಂಗುಲಕ್ಕೆ ಒಂದು ಸುತ್ತಿನಿಂದ ಹಿಡಿದು ಒಂದೇ ಅಂಗುಲಕ್ಕೆ ಒಂದು ಸುತ್ತಿನವರೆಗೂ ಬಿಗಿಮಾಡಿ ನೋಡಿದ. ಬಿಗಿ ಸುತ್ತಿನಿಂದ ನಳಿಕೆ ಸಿಡಿದೀತು, ಗುಂಡು ಗೀರುಗಳನ್ನು ಹಿಡಿಯದೆ ಜಾರೀತು ಎಂಬ ನಂಬಿಕೆ ಅಂದು ಬಲವಾಗಿತ್ತು. ಅದನ್ನು ವಾದದಿಂದಲ್ಲ, ಪ್ರಯೋಗದಿಂದ ಕಳೆದದ್ದು ವಿಟ್‌ವರ್ತ್‌ನ ದೊಡ್ಡ ಕೊಡುಗೆ. ಕೊನೆಗೆ ಆತ ನಿಂತದ್ದು 0.451 ಅಂಗುಲದ ನಳಿಕೆಗೆ, 20 ಅಂಗುಲಕ್ಕೆ ಒಂದು ಸುತ್ತಿಗೆ. ನಳಿಕೆಯ ಒಳಭಾಗ ವೃತ್ತವಲ್ಲ, ಷಟ್ಕೋನ. ಗುಂಡನ್ನೂ ಅದೇ ತಿರುಚಿದ ಷಟ್ಕೋನದ ರೂಪದಲ್ಲಿ ಮಾಡಿದ್ದರಿಂದ ಗೀರು ಬಿಟ್ಟು ಜಾರುವ ಮಾತೇ ಇರಲಿಲ್ಲ.

1857ರ ಏಪ್ರಿಲ್‌ನಲ್ಲಿ ಹೈತ್‌ನ ಸೇನಾ ಗುರಿಶಾಲೆಯಲ್ಲಿ ಎರಡೂ ರೈಫಲ್‌ಗಳ ಪರೀಕ್ಷೆ ನಡೆಯಿತು. 500 ಗಜದಲ್ಲಿ ಎನ್‌ಫೀಲ್ಡ್ ಗುಂಡುಗಳು ನಡುಬಿಂದುವಿನಿಂದ ಸರಾಸರಿ ಎರಡು ಅಡಿಗೂ ಹೆಚ್ಚು ಚದುರಿದರೆ, ವಿಟ್‌ವರ್ತ್ ಗುಂಡುಗಳು ಅರ್ಧ ಅಡಿಯೊಳಗೆ ಕೂತವು. 1,400 ಗಜದಲ್ಲಿ ಎನ್‌ಫೀಲ್ಡ್‌ಗೆ ಗುರಿಹಲಗೆಯೇ ಸಿಗಲಿಲ್ಲ; ವಿಟ್‌ವರ್ತ್ ಆ ದೂರದಲ್ಲೂ ಹಲಗೆಗೆ ಬಡಿಯುತ್ತಿತ್ತು. ಎರಡು ಗುಂಡುಗಳ ತೂಕವೂ ಒಂದೇ ಎಂಬುದನ್ನು ಇಲ್ಲಿ ಮರೆಯಬಾರದು. ವ್ಯತ್ಯಾಸ ಇದ್ದದ್ದು ಆ ತೂಕವನ್ನು ಎಷ್ಟು ಸಪೂರದ ಮೈಯಲ್ಲಿ ತುಂಬಿದ್ದರು, ಎಷ್ಟು ಬಿಗಿಯಾಗಿ ತಿರುಗಿಸಿದ್ದರು ಎಂಬುದರಲ್ಲಿ.

ಆದರೂ ಸೇನೆ ಅದನ್ನು ಒಪ್ಪಲಿಲ್ಲ. ಬೆಲೆ ಎನ್‌ಫೀಲ್ಡ್‌ಗಿಂತ ಬಹಳ ದುಬಾರಿ. ಕರಿಮದ್ದಿನ ಮಸಿ ಸಣ್ಣ ನಳಿಕೆಯಲ್ಲಿ ಬೇಗ ಕಟ್ಟಿಕೊಂಡು, ಕೆಲವು ಸುತ್ತು ಹಾರಿಸಿದ ಮೇಲೆ ಬಾಯಿಯಿಂದ ಗುಂಡು ತುಂಬುವುದೇ ಕಷ್ಟವಾಗುತ್ತಿತ್ತು. ಯುದ್ಧದ ಮಧ್ಯೆ ನಳಿಕೆ ಒರೆಸುತ್ತ ಕೂರಲು ಸಿಪಾಯಿಗೆ ಬಿಡುವೆಲ್ಲಿ? ಆಕ್ಷೇಪ ನ್ಯಾಯವಾದದ್ದೇ. ವಿಟ್‌ವರ್ತ್ ರೈಫಲ್ ಉಳಿದದ್ದು ಗುರಿಕಾರರ ಕೈಯಲ್ಲಿ. 1860ರ ಜುಲೈ 2ರಂದು ವಿಂಬಲ್ಡನ್‌ನಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಮೊದಲ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಕಬ್ಬಿಣದ ಆನಿಕೆಯ ಮೇಲೆ ಬಿಗಿದ ವಿಟ್‌ವರ್ತ್‌ನಿಂದ. 400 ಗಜ ದೂರದ ಗುರಿಯಲ್ಲಿ ಆ ಗುಂಡು ನಡುಬಿಂದುವಿನಿಂದ ಒಂದೂವರೆ ಅಂಗುಲದೊಳಗೆ ತಾಕಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಆಯ್ದ ಗುರಿಕಾರರು ಇದನ್ನು ತರಿಸಿಕೊಂಡಿದ್ದರು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಉತ್ತರದ ದಂಡನಾಯಕ ಜಾನ್ ಸೆಡ್ಜ್‌ವಿಕ್ ಬಹು ದೂರದಿಂದ ಬಂದ ಗುಂಡಿಗೆ ಬಲಿಯಾದಾಗ ಅದು ವಿಟ್‌ವರ್ತ್‌ನದೇ ಎಂದು ಹೇಳಲಾಯಿತು.

ಷಟ್ಕೋನ ಅಲ್ಲಿಗೇ ನಿಂತಿತು. ಸಪೂರ ನಳಿಕೆ ಮತ್ತು ಉದ್ದ ಗುಂಡು ಮುಂದುವರಿದವು. ಮುಂದಿನ ಹೆಜ್ಜೆ ಇಟ್ಟವನು ವಿಲಿಯಂ ಎಲಿಸ್ ಮೆಟ್‌ಫರ್ಡ್ ಎಂಬ ಎಂಜಿನಿಯರ್. ಈಸ್ಟ್ ಇಂಡಿಯನ್ ರೈಲ್ವೆಯ ಕೆಲಸಕ್ಕೆಂದು 1857ರಲ್ಲಿ ಬಿಹಾರದ ಮುಂಗೇರಿಗೆ ಬಂದು, ದಂಗೆಯ ದಿನಗಳಲ್ಲಿ ಆ ಊರಿನ ರಕ್ಷಣೆಯ ಏರ್ಪಾಟಿನಲ್ಲಿ ದುಡಿದು, ಆರೋಗ್ಯ ಕೆಡಿಸಿಕೊಂಡು ವಾಪಸಾದವನು. ಆಳವಾದ ಗೀರು ಬೇಡ, ಗುಂಡನ್ನು ಗಟ್ಟಿ ಸೀಸದಿಂದ ಮಾಡಿದರೆ ತೀರ ಮೇಲುಮೇಲಿನ ಗೀರೂ ಅದನ್ನು ಹಿಡಿಯಬಲ್ಲದು ಎಂಬುದು 1865ರ ಹೊತ್ತಿಗೆ ಆತ ಕಂಡುಕೊಂಡ ಸತ್ಯ. ಮಸಿ ಕಟ್ಟುವ ಕಾಟ ಇದರಿಂದ ತಗ್ಗಿತು. ಬ್ರಿಟನ್ 1888ರಲ್ಲಿ ಒಪ್ಪಿದ 0.303 ಅಂಗುಲದ ಲೀ–ಮೆಟ್‌ಫರ್ಡ್ ರೈಫಲ್‌ನಲ್ಲಿ ಆತನ ಹೆಸರು ಉಳಿದಿದೆ.

ಈ ನಡುವೆ ಉದ್ದ ಗುಂಡಿನ ಸಾಮರ್ಥ್ಯವನ್ನು ಸಾಮಾನ್ಯ ಜನರ ಕಣ್ಣಿಗೆ ತೋರಿಸಿದ ಪಂದ್ಯವೊಂದು ಅಮೆರಿಕದ ಲಾಂಗ್ ಐಲೆಂಡಿನ ಕ್ರೀಡ್‌ಮೋರ್‌ನಲ್ಲಿ ನಡೆಯಿತು. 1874ರ ಸೆಪ್ಟೆಂಬರ್ 26ರಂದು 800, 900, 1,000 ಗಜಗಳಲ್ಲಿ ಐರಿಷ್ ತಂಡ ಬಾಯಿಂದ ತುಂಬುವ ರಿಗ್ಬಿ ರೈಫಲ್‌ಗಳಿಂದಲೂ, ಅಮೆರಿಕನ್ನರು ಹಿಂದಿನಿಂದ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್‌ಗಳಿಂದಲೂ ಸೆಣಸಿದರು. 934ಕ್ಕೆ 931 ಅಂಕ. ಮೂರೇ ಅಂಕಗಳಲ್ಲಿ ಅಮೆರಿಕ ಗೆದ್ದಿತು. ಎರಡೂ ಕಡೆಯವರು ಹಾರಿಸಿದ್ದು 0.45 ಅಂಗುಲದ ಆಸುಪಾಸಿನ ನಳಿಕೆಯ ಭಾರದ ಉದ್ದ ಗುಂಡುಗಳನ್ನೇ.

ಇಷ್ಟಾದರೂ ಯಾವ ಉದ್ದಕ್ಕೆ ಎಷ್ಟು ಸುತ್ತು ಎಂಬುದು ಪ್ರತಿ ಸಲವೂ ಹಾರಿಸಿ ನೋಡಿ ತಿಳಿಯುವ ವಿಷಯವಾಗಿತ್ತು. 1879ರಲ್ಲಿ ವುಲಿಚ್‌ನ ಗಣಿತ ಪ್ರಾಧ್ಯಾಪಕ ಜಾರ್ಜ್ ಗ್ರೀನ್‌ಹಿಲ್ ಇದಕ್ಕೊಂದು ಸೂತ್ರ ಕೊಟ್ಟ. ಗುಂಡಿನ ಉದ್ದ ಅದರ ಅಡ್ಡಳತೆಯ ಎಷ್ಟು ಪಟ್ಟು ಎಂದು ನೋಡಿ, ಆ ಸಂಖ್ಯೆಯಿಂದ 150ನ್ನು ಭಾಗಿಸಬೇಕು. ಎಷ್ಟು ಅಡ್ಡಳತೆಗಳ ದೂರಕ್ಕೆ ಒಂದು ಸುತ್ತು ಬೇಕೆಂಬುದು ಬರುತ್ತದೆ. ವಿಟ್‌ವರ್ತ್ ಗುಂಡಿಗೆ ಹಚ್ಚಿ ನೋಡಿದರೆ ಮೂರರಿಂದ ಭಾಗಿಸಿ 50, ಅದನ್ನು 0.451ರಿಂದ ಗುಣಿಸಿದರೆ ಇಪ್ಪತ್ತೆರಡೂವರೆ ಅಂಗುಲ. ವಿಟ್‌ವರ್ತ್ ಕಾಗದದ ಪರದೆಗಳಿಂದ ಕಂಡುಕೊಂಡಿದ್ದ 20 ಅಂಗುಲದ ಸುತ್ತು ಇದಕ್ಕಿಂತ ತುಸು ಬಿಗಿ, ಹಾಗಾಗಿ ಸುರಕ್ಷಿತ. ಸೂತ್ರದಲ್ಲಿ ತೂಕದ ಮಾತೇ ಇಲ್ಲದಿರುವುದು ಗಮನಿಸಬೇಕಾದ ಸಂಗತಿ. ಸೀಸದ ಗುಂಡು ಭಾರವಾದಾಗ ತಾನಾಗಿ ಉದ್ದವಾಗುತ್ತದೆ. ಆದ್ದರಿಂದ ಭಾರದ ಗುಂಡಿಗೆ ಬಿಗಿ ಸುತ್ತು ಬೇಕೆಂಬ ಮಾತು ಬಳಕೆಗೆ ಬಂತು. ಸುತ್ತನ್ನು ಕೇಳುವುದು ಉದ್ದವೇ.

ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಹೊಗೆರಹಿತ ಮದ್ದನ್ನು ತಯಾರಿಸಿದ ಮೇಲೆ ಎಲ್ಲ ಅಳತೆಗಳೂ ಬದಲಾದವು. ಹೊಸ ಮದ್ದಿನ ವೇಗಕ್ಕೆ ಬರಿಯ ಸೀಸ ನಳಿಕೆಯಲ್ಲೇ ಕರಗಿ ಮೆತ್ತಿಕೊಳ್ಳುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಎಡ್ವರ್ಡ್ ರೂಬಿನ್ ರೂಪಿಸಿದ ಲೋಹದ ಹೊದಿಕೆಯ ಗುಂಡು ಆ ತೊಂದರೆ ನೀಗಿಸಿತು. ಮಸಿಯ ಭಯ ಹೋದದ್ದರಿಂದ ನಳಿಕೆ ಎಂಟು, ಏಳು, ಆರೂವರೆ ಮಿಲಿಮೀಟರಿಗೆ ಇಳಿಯಿತು. ಸಣ್ಣ ನಳಿಕೆಯ ಗುಂಡು ಕುದುರೆಯನ್ನು ಕೆಡವೀತೇ ಎಂಬ ಸಂದೇಹ ಸೇನಾಧಿಕಾರಿಗಳನ್ನು ಕಾಡುತ್ತಿತ್ತು. ಹಾಗಾಗಿ ಅಡ್ಡಳತೆ ಇಳಿಸಿದರೂ ತೂಕವನ್ನು ಅಷ್ಟಾಗಿ ಬಿಟ್ಟುಕೊಡಲಿಲ್ಲ. ಉದ್ದ ಗುಂಡಿನ ನಿಜವಾದ ಸುಗ್ಗಿ ಆ ಹದಿನೈದು ವರ್ಷಗಳು.

ಇಟಲಿಯ 1891ರ ಕಾರ್ಕಾನೊ, ರುಮೇನಿಯಾ ಹಾಗೂ ಹಾಲೆಂಡಿನ ಮ್ಯಾನ್ಲಿಕರ್‌ಗಳು, ಸ್ವೀಡನ್ ಮತ್ತು ನಾರ್ವೆ ಒಟ್ಟಾಗಿ ಒಪ್ಪಿದ 6.5×55, ಜಪಾನಿನ ಅರಿಸಾಕಾ, 1903ರ ಗ್ರೀಕ್ ಮ್ಯಾನ್ಲಿಕರ್–ಶೋನಾವರ್, ಇವೆಲ್ಲ ಆರೂವರೆ ಮಿಲಿಮೀಟರಿನವು. ಎಲ್ಲವೂ 156ರಿಂದ 162 ಗ್ರೇನ್‌ನ, ತನ್ನ ಅಡ್ಡಳತೆಯ ನಾಲ್ಕೂವರೆ ಪಟ್ಟು ಉದ್ದದ, ಮೂಗು ದುಂಡಾದ ಗುಂಡು ಹಾರಿಸುತ್ತಿದ್ದವು. ಅಂಥ ಗುಂಡನ್ನು ಕೈಯಲ್ಲಿ ಹಿಡಿದರೆ ಪೆನ್ಸಿಲ್ಲಿನ ತುಂಡಿನಷ್ಟು ಸಪೂರ, ಹೆಚ್ಚುಕಡಿಮೆ ಇಡೀ ಉದ್ದಕ್ಕೂ ಒಂದೇ ದಪ್ಪ. ಗ್ರೀನ್‌ಹಿಲ್ ಸೂತ್ರ ಇದಕ್ಕೆ ಸುಮಾರು 220 ಮಿಲಿಮೀಟರಿಗೆ ಒಂದು ಸುತ್ತು ಎನ್ನುತ್ತದೆ. ಸ್ವೀಡನ್ 200ಕ್ಕೆ ಒಂದು ಸುತ್ತು ಇಟ್ಟಿತು. ಸೆಕೆಂಡಿಗೆ 725 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ನಿಮಿಷಕ್ಕೆ ಎರಡು ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತದೆ. ಒಮ್ಮೆಲೇ ಅಷ್ಟು ಬಿಗಿಯಾಗಿ ತಿರುಚಿದರೆ ಗುಂಡಿಗೂ ಗೀರಿಗೂ ಪೆಟ್ಟು ಎಂದು ಇಟಲಿಯವರು ಕಾರ್ಕಾನೊ ನಳಿಕೆಯ ಬುಡದಲ್ಲಿ ಸುರುಳಿಯನ್ನು ಸಡಿಲವಾಗಿ ಆರಂಭಿಸಿ ಬಾಯಿಯ ಕಡೆಗೆ ಬಿಗಿಯಾಗುತ್ತ ಹೋಗುವಂತೆ ಕೊರೆದರು. ಸೊಗಸಾದ ಯೋಚನೆ, ಆದರೆ ತಯಾರಿಕೆಯಲ್ಲಿ ತಲೆನೋವು, ಮುಂದೆ ಕೈಬಿಟ್ಟರು. ಸ್ಪೇನಿಗಾಗಿ ಮಾಡಿದ ಏಳು ಮಿಲಿಮೀಟರಿನ ಮೌಸರ್ 173 ಗ್ರೇನ್, ಬ್ರಿಟನ್ನಿನ 0.303 215 ಗ್ರೇನ್ ಗುಂಡು ಹಾರಿಸುತ್ತಿದ್ದವು.

ಇಷ್ಟು ಉದ್ದದ, ಗಟ್ಟಿ ಹೊದಿಕೆಯ ಗುಂಡು ಎದುರಿಗೆ ಸಿಕ್ಕಿದ್ದನ್ನು ನೆಟ್ಟಗೆ ತೂರಿಕೊಂಡು ಹೋಗುತ್ತಿತ್ತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ 0.303 ಗುಂಡು ತಗುಲಿದವರೂ ಮುನ್ನುಗ್ಗಿ ಬರುತ್ತಾರೆಂದು ಬ್ರಿಟಿಷ್ ಪಡೆಗಳು ದೂರಿದವು. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ–ಕ್ಲೇ ಆ ಗುಂಡಿನ ಮೂಗಿನ ತುದಿಯ ಹೊದಿಕೆ ತೆಗೆದು ಒಳಗಿನ ಸೀಸವನ್ನು ಬಯಲಿಗಿಟ್ಟ. ಮೈಗೆ ತಾಕಿದೊಡನೆ ಅರಳುವ ಆ ಕ್ರೂರ ಗುಂಡನ್ನು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ನಿಷೇಧಿಸಿತು. ಊರಿನ ಹೆಸರು ಮಾತ್ರ ಜಗತ್ತಿನ ಭಾಷೆಗಳಲ್ಲೆಲ್ಲ ಕೆಟ್ಟ ಅರ್ಥದಲ್ಲಿ ಉಳಿದುಬಿಟ್ಟಿತು.

ಅದೇ ತೂರುವ ಗುಣ ಆಫ್ರಿಕಾದಲ್ಲಿ ಆನೆಗಳಿಗೆ ಮೃತ್ಯುವಾಯಿತು. ಸ್ಕಾಟ್‌ಲ್ಯಾಂಡಿನ ಡಬ್ಲ್ಯು. ಡಿ. ಎಂ. ಬೆಲ್ ಎಂಬ ದಂತಬೇಟೆಗಾರ, ದೊಡ್ಡ ಬಾಯಿಯ ಭಾರೀ ಬಂದೂಕುಗಳನ್ನು ಬದಿಗಿಟ್ಟು ಏಳು ಮಿಲಿಮೀಟರಿನ ರಿಗ್ಬಿ–ಮೌಸರ್‌ನಿಂದ 173 ಗ್ರೇನ್‌ನ ಪೂರ್ಣ ಹೊದಿಕೆಯ ಗುಂಡು ಹಾರಿಸುತ್ತಿದ್ದ. ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿದೆಯೆಂದು ಅಧ್ಯಯನ ಮಾಡಿದ್ದ. ಬುರುಡೆಯ ಜೇನುಗೂಡಿನಂಥ ದಪ್ಪ ಮೂಳೆಯಲ್ಲಿ ದಾರಿ ತಪ್ಪದೆ ಸಾಗುವುದು ಆ ಉದ್ದ ಗುಂಡಿಗೆ ಸಾಧ್ಯವಾಗಿತ್ತು. ಆತ ಕೊಂದ ಆನೆಗಳು ಸಾವಿರವನ್ನು ದಾಟುತ್ತವೆ. ಗುಂಡಿನ ಗುಣಕ್ಕೆ ಇದು ಸಾಕ್ಷಿಯಾದರೂ, ಅಷ್ಟು ಜೀವಗಳ ಲೆಕ್ಕವನ್ನು ಸಾಧನೆಯೆಂದು ಕರೆಯಲು ಇಂದು ಮನಸ್ಸು ಬಾರದು.

ಫ್ರಾನ್ಸ್ 1898ರಲ್ಲಿ ಚೂಪು ಮೂಗಿನ, ಹಿಂಬದಿ ಕಿರಿದಾದ ಗುಂಡನ್ನು ತಂದಿತು. 1903ರಲ್ಲಿ ಜರ್ಮನಿ 226 ಗ್ರೇನ್‌ನ ದುಂಡು ಮೂಗನ್ನು ಬಿಟ್ಟು 154 ಗ್ರೇನ್‌ನ ಚೂಪು ಗುಂಡಿಗೆ ಬಂತು. 1906ರಲ್ಲಿ ಅಮೆರಿಕ 220ರಿಂದ 150ಕ್ಕೆ ಇಳಿಯಿತು. ಹಗುರ ಗುಂಡು ವೇಗವಾಗಿ ಹೊರಡುತ್ತದೆ, ಅದರ ದಾರಿ ಚಪ್ಪಟೆ, ಭುಜಕ್ಕೆ ಬೀಳುವ ಒದೆತವೂ ಕಡಿಮೆ. ಬ್ರಿಟನ್ 1910ರಲ್ಲಿ ಒಪ್ಪಿದ 174 ಗ್ರೇನ್ ಗುಂಡಿನ ತುದಿಯೊಳಗೆ ಸೀಸದ ಬದಲು ಅಲ್ಯೂಮಿನಿಯಂ ತುಂಬುತ್ತಿದ್ದರು: ತೂಕ ಇಳಿದರೂ ಉದ್ದ ಇಳಿಯಲಿಲ್ಲ. ಉದ್ದ ಗುಂಡಿನ ಕಾಲ ಮುಗಿಯಿತೆಂದು ತೋರಿದ ಹೊತ್ತು ಅದು. ಆದರೆ ಈ ದೇಶಗಳು ಗುಂಡು ಬದಲಿಸಿದರೂ ನಳಿಕೆಯ ಹಳೆಯ ಬಿಗಿ ಸುತ್ತನ್ನು ಬದಲಿಸಲಿಲ್ಲ. ಅಮೆರಿಕದ ನಳಿಕೆ ಹತ್ತು ಅಂಗುಲಕ್ಕೆ ಒಂದು ಸುತ್ತಿನಲ್ಲೇ ಉಳಿಯಿತು.

ಆ ಉಳಿಕೆ ಮೊದಲ ಮಹಾಯುದ್ಧದಲ್ಲಿ ಕೈಹಿಡಿಯಿತು. ಮೆಷಿನ್‌ಗನ್‌ಗಳು ಎರಡು ಮೂರು ಸಾವಿರ ಗಜ ದೂರಕ್ಕೆ ಗುಂಡಿನ ಮಳೆ ಸುರಿಸಬೇಕಾದಾಗ ಹಗುರ ಗುಂಡಿನ ಬಡತನ ಬಯಲಾಯಿತು. ಅಮೆರಿಕದ 150 ಗ್ರೇನ್ ಗುಂಡು 4,700 ಗಜ ಮುಟ್ಟುತ್ತದೆಂದು ಪಟ್ಟಿಗಳು ಹೇಳುತ್ತಿದ್ದವು; ನಿಜವಾಗಿ ಅಳೆದಾಗ ಅದು ಬಿದ್ದದ್ದು ಸುಮಾರು 3,400 ಗಜದಲ್ಲೇ. ಜರ್ಮನಿ 198 ಗ್ರೇನ್‌ನ, ಅಮೆರಿಕ 1920ರ ದಶಕದಲ್ಲಿ 174 ಗ್ರೇನ್‌ನ, ಹಿಂಬದಿ ಕಿರಿದಾದ ಉದ್ದ ಗುಂಡಿಗೆ ಮರಳಿದವು. ನಳಿಕೆ ಬದಲಿಸುವ ಅಗತ್ಯವೇ ಬೀಳಲಿಲ್ಲ. ಅಮೆರಿಕದ ಹೊಸ ಗುಂಡು ಎಷ್ಟು ದೂರ ಹೋಗುತ್ತಿತ್ತೆಂದರೆ ಅಭ್ಯಾಸದ ಮೈದಾನಗಳ ಗಡಿ ಅದಕ್ಕೆ ಸಾಲಲಿಲ್ಲ. ಸುರಕ್ಷತೆಯ ದೃಷ್ಟಿಯಿಂದ 1930ರ ದಶಕದ ಕೊನೆಗೆ ಮತ್ತೆ 150 ಗ್ರೇನ್‌ಗೆ ಹೋದರು.

ಸುತ್ತು ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ 1955ರ ಒಂದು ವ್ಯಾಪಾರದ ಕಥೆ ಇದೆ. ಆ ವರ್ಷ ವಿಂಚೆಸ್ಟರ್ ಮತ್ತು ರೆಮಿಂಗ್ಟನ್ ಎರಡೂ ಆರು ಮಿಲಿಮೀಟರಿನ ಹೊಸ ತೋಟಾ ತಂದವು. ವಿಂಚೆಸ್ಟರ್ ನಳಿಕೆಗೆ ಹತ್ತು ಅಂಗುಲಕ್ಕೆ ಒಂದು ಸುತ್ತು. ರೆಮಿಂಗ್ಟನ್ನಿನದಕ್ಕೆ ಹನ್ನೆರಡಕ್ಕೆ ಒಂದು. ಜಿಂಕೆ ಬೇಟೆಗೆ ಜನ ಕೇಳಿದ 100 ಗ್ರೇನ್ ಗುಂಡನ್ನು ವಿಂಚೆಸ್ಟರ್ ನೆಟ್ಟಗೆ ಹಾರಿಸಿತು, ರೆಮಿಂಗ್ಟನ್ ನಂಬುವಂತಿರಲಿಲ್ಲ. ತೋಟಾದಲ್ಲಿ ಮದ್ದಿಗೆ ಜಾಗ ಇನ್ನೂ ಹೆಚ್ಚೇ ಇದ್ದ ರೆಮಿಂಗ್ಟನ್ ಮಾರುಕಟ್ಟೆ ಕಳೆದುಕೊಂಡಿತು. 1963ರಲ್ಲಿ ಅದೇ ತೋಟಾಕ್ಕೆ ಹೊಸ ಹೆಸರು ಇಟ್ಟು ನಳಿಕೆಯನ್ನು ಒಂಬತ್ತಕ್ಕೆ ಬಿಗಿಗೊಳಿಸಿದರೂ ಹೋದ ಗಿರಾಕಿಗಳು ಹಿಂತಿರುಗಲಿಲ್ಲ. ಅದೇ ಕಾಲದಲ್ಲಿ ಅಮೆರಿಕ ಸೇನೆಯ ಎಂ–16 ರೈಫಲ್ ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುರಿ ತಪ್ಪುತ್ತಿದ್ದುದರಿಂದ ಅದರ ನಳಿಕೆಯನ್ನೂ ಹದಿನಾಲ್ಕರಿಂದ ಹನ್ನೆರಡಕ್ಕೆ ಬಿಗಿಗೊಳಿಸಬೇಕಾಯಿತು.

1980ರ ದಶಕದಿಂದ ದೂರದ ಗುರಿಸ್ಪರ್ಧೆಯವರು ಉದ್ದ ಗುಂಡನ್ನು ಮತ್ತೆ ಹಿಡಿದರು. ಈ ಸಲದ ಗುಂಡಿಗೆ ನೀಳ ಚೂಪು ಮೂಗು, ಕಿರಿದಾದ ಬಾಲ. ಉದ್ದ ಅಡ್ಡಳತೆಯ ಐದು ಪಟ್ಟನ್ನೂ ಮೀರುತ್ತಿತ್ತು. ಇದನ್ನು ಮಾಡಿದವರಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಕಾರ್ಯಾಗಾರಗಳೇ ಮುಂದು. ತಾಮ್ರದ ತೆಳು ಬಟ್ಟಲಿಗೆ ಸೀಸದ ತುಂಡು ಇಟ್ಟು ಅಚ್ಚಿನಲ್ಲಿ ಒತ್ತಿ ಗುಂಡು ಮಾಡುವಾಗ ಬಟ್ಟಲಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಒಂದು ಬದಿ ತುಸು ದಪ್ಪವಾದರೂ ಗುರುತ್ವ ಕೇಂದ್ರ ಸರಿದು ಉದ್ದ ಗುಂಡು ಗಿಡ್ಡದ್ದಕ್ಕಿಂತ ಹೆಚ್ಚು ತೊನೆಯುತ್ತದೆ. ಸುತ್ತು ಮಿತಿಮೀರಿ ಬಿಗಿಯಾದರೆ ಬೇರೆಯೇ ಅಪಾಯ: ಸೆಕೆಂಡಿಗೆ 900 ಮೀಟರ್ ವೇಗ, ಎಂಟು ಅಂಗುಲಕ್ಕೊಂದು ಸುತ್ತು ಎಂದರೆ ನಿಮಿಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಸುತ್ತು, ತೆಳು ಹೊದಿಕೆ ಗಾಳಿಯಲ್ಲೇ ಹರಿದು ಗುಂಡು ಚೂರಾಗುವುದುಂಟು. ಉದ್ದ ಗುಂಡು ತೋಟಾದೊಳಕ್ಕೆ ಇಳಿದರೆ ಮದ್ದಿನ ಜಾಗ ತಿನ್ನುತ್ತದೆ, ಹೊರಗೆ ಚಾಚಿದರೆ ಮ್ಯಾಗಜಿನ್‌ನಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಗುಂಡನ್ನು ಮೊದಲು ತೀರ್ಮಾನಿಸಿ ತೋಟಾವನ್ನೂ ನಳಿಕೆಯನ್ನೂ ಅದರ ಸುತ್ತ ಕಟ್ಟುವ ಕ್ರಮ ಶುರುವಾಯಿತು. ಆರೂವರೆ ಮಿಲಿಮೀಟರಿನ ಗುಂಡಿಗೆ 2007ರಲ್ಲಿ ಹೀಗೆ ಬಂದ ತೋಟಾಕ್ಕೆ ಕ್ರೀಡ್‌ಮೋರ್ ಎಂದೇ ಹೆಸರು. ಅದರ ನಳಿಕೆ ಎಂಟು ಅಂಗುಲಕ್ಕೆ ಒಂದು ಸುತ್ತು.

1925ರಿಂದ ಬಳಕೆಯಲ್ಲಿರುವ 0.270 ವಿಂಚೆಸ್ಟರ್ ಇದಕ್ಕೆ ವಿರುದ್ಧ ಉದಾಹರಣೆ. 0.277 ಅಂಗುಲದ ಅದರ ಗುಂಡು ಹೆಚ್ಚಾಗಿ 130ರಿಂದ 150 ಗ್ರೇನ್‌ನಲ್ಲೇ ನಿಂತಿತು, ಏಕೆಂದರೆ ನಳಿಕೆ ಹತ್ತು ಅಂಗುಲಕ್ಕೆ ಒಂದು ಸುತ್ತಿನದು. ಲಕ್ಷಾಂತರ ರೈಫಲ್‌ಗಳು ಆಗಲೇ ಜನರ ಕೈಯಲ್ಲಿರುವಾಗ ಅವುಗಳಲ್ಲಿ ನಿಲ್ಲದ ಗುಂಡನ್ನು ಯಾವ ಕಂಪನಿ ಮಾರೀತು? ಸಣ್ಣ ತಯಾರಕರು 170 ಗ್ರೇನ್‌ನ ಆಸುಪಾಸಿನ ಗುಂಡುಗಳನ್ನು ಒತ್ತಿ, ಬೇರೆ ನಳಿಕೆ ಹಾಕಿಸಿಕೊಳ್ಳಲು ಸಿದ್ಧರಿದ್ದ ಹವ್ಯಾಸಿಗಳಿಗೆ ಕೊಡುತ್ತಿದ್ದರು. 2021ರಲ್ಲಿ ವಿಂಚೆಸ್ಟರ್ ಮತ್ತು ಬ್ರೌನಿಂಗ್ ಅದೇ ಅಡ್ಡಳತೆಗೆ 165ರಿಂದ 175 ಗ್ರೇನ್ ಗುಂಡಿನ ಹೊಸ ತೋಟಾ ತಂದವು, ಏಳೂವರೆಯಿಂದ ಎಂಟು ಅಂಗುಲದ ಸುತ್ತಿನ ನಳಿಕೆಯ ಜೊತೆಗೆ. ಹಳೆಯ 0.270ಗಳ ಮಾಲೀಕರಿಗೆ ಆ ಗುಂಡಿನಿಂದ ಪ್ರಯೋಜನವಿಲ್ಲ.

ಈಚೆಗೆ ಉದ್ದಕ್ಕೆ ಇನ್ನೊಂದು ಕಾರಣ ಸೇರಿದೆ. ಬೇಟೆಯಲ್ಲಿ ಉಳಿದ ಸೀಸದ ಚೂರು ತಿಂದು ರಣಹದ್ದುಗಳು ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಬದಲಿಗೆ ಬಂದ ತಾಮ್ರದ ಗುಂಡು ಸೀಸಕ್ಕಿಂತ ಹಗುರ ಲೋಹದ್ದು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 9ರ ಹತ್ತಿರ. ಅದೇ ತೂಕಕ್ಕೆ ತಾಮ್ರದ ಗುಂಡು ಹೆಚ್ಚು ಉದ್ದವಾಗಲೇಬೇಕು. ಸೀಸದ 150 ಗ್ರೇನ್‌ಗೆ ಹೊಂದುತ್ತಿದ್ದ ನಳಿಕೆಯಲ್ಲಿ ತಾಮ್ರದ 150 ಗ್ರೇನ್ ತೊನೆಯಬಹುದು. ಅದಕ್ಕಾಗಿ ಬೇಟೆಗಾರರು ಈಗ ಒಂದು ಮೆಟ್ಟಿಲು ಹಗುರದ ಗುಂಡು ಆರಿಸಿಕೊಳ್ಳುತ್ತಿದ್ದಾರೆ. ರೈಫಲ್ ತಯಾರಕರು ಹೊಸ ನಳಿಕೆಗಳ ಸುತ್ತನ್ನು ಇನ್ನಷ್ಟು ಬಿಗಿಗೊಳಿಸುತ್ತಿದ್ದಾರೆ.